ಬೋಗುಣಿಯ ಬಿಳಿ ಚೂರು

ಪಕ್ಕದ ಹೊಲದ ಸೊಣ್ಣಪ್ಪ ಸೊಪ್ಪಿಗೆ ಹೊಡೆದ ಔಷಧಿಯಿಂದಲೇ ತನ್ನ ಜೇನುಹುಳ ಸತ್ತವೆಂದು ಕಲಾವತಿ ಮಹಿಳಾ ಸಂಘದ ಸಭೆಯಲ್ಲಿ ಹೇಳಿದಳು. ಮಾರನೆಯ ದಿನದಿಂದ ಮಾಕಳಿಯಲ್ಲಿ ಅವನ ಸೊಪ್ಪನ್ನು ಯಾರೂ ಕೊಳ್ಳಲಿಲ್ಲ.

ಅವಳು ಕಣ್ಣಾರೆ ಕಂಡದ್ದೇನೂ ಇರಲಿಲ್ಲ. ಆರು ಪೆಟ್ಟಿಗೆಯಲ್ಲಿ ನಾಲ್ಕು ಬರಿದಾಗಿದ್ದವು. ಬೇಲಿಯಾಚೆ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಸೊಣ್ಣಪ್ಪ ಓಡಾಡುತ್ತಿದ್ದ, ಅಷ್ಟೇ. ಯಾರಿಗಾದರೂ ಬೆರಳು ತೋರಿಸಬೇಕಿತ್ತು. ಅರ್ಧ ಎಕರೆಯ ಮುದುಕನ ಕಡೆಗೆ ಬೆರಳು ಬಲು ಸಲೀಸಾಗಿ ಏಳುತ್ತದೆ.

ಸಾಕ್ಷಿ ಸಿಗಲೆಂದು ಸತ್ತ ಹುಳಗಳನ್ನು ಬೆಂಕಿಪೊಟ್ಟಣದಲ್ಲಿ ತುಂಬಿ ಕೃಷಿ ಕಾಲೇಜಿಗೆ ಕಳಿಸಿದ್ದಳು. ಇಪ್ಪತ್ತು ದಿನದ ಮೇಲೆ, ಅಲ್ಲಿ ಓದುತ್ತಿದ್ದ ಚೈತ್ರ ಸ್ಕೂಟಿಯಲ್ಲಿ ತಾನೇ ಬಂದಳು.

"ಔಷಧಿ ಸಿಗಲಿಲ್ಲ ಅಕ್ಕ. ಹೊಟ್ಟೇಲಿ ಬಿಳಿ ಚೂರು ಸಿಕ್ತು. ಪ್ಲಾಸ್ಟಿಕ್ಕು, ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಇವು ನೀರು ಎಲ್ಲಿ ಕುಡೀತವೆ?"

ಕಲಾವತಿ ಹೊಂಗೆ ಮರದ ಬುಡ ತೋರಿಸಿದಳು. ನೀರು ತುಂಬಿದ ಬೋಗುಣಿ. ಹುಳ ಮುಳುಗದ ಹಾಗೆ ಕೂರಲು ಆಸರೆ ಬೇಕು. ಬೇರೆಯವರು ಕಡ್ಡಿ ಹಾಕುತ್ತಾರೆ, ಕಡ್ಡಿ ಕೊಳೆಯುತ್ತದೆ. ತುಮಕೂರು ರಸ್ತೆಯ ಗೋಡೌನುಗಳ ಹಿಂದೆ ಬಿದ್ದಿರುವ ಥರ್ಮೋಕೋಲನ್ನು ಮುರಿದು ತೇಲಿಬಿಟ್ಟವಳು ಇವಳು. 'ದೋಣಿ' ಎಂದು ಹೆಸರಿಟ್ಟು, ಜೇನು ಸಾಕುವ ಸಂಘದ ಹನ್ನೆರಡು ಹೆಂಗಸರಿಗೂ ಹೆಮ್ಮೆಯಿಂದ ಕಲಿಸಿದ್ದಳು.

ಚೈತ್ರ ಒಂದು ದೋಣಿ ಎತ್ತಿ ಹಿಡಿದಳು. ಅಂಚೆಲ್ಲ ಇಲಿ ಕಡಿದಂತೆ ತರಿತರಿ. ಕಲಾವತಿ ಅದನ್ನು ದಿನಾ ನೋಡಿದ್ದಳು. "ಈ ಹುಳಕ್ಕೆ ಹಲ್ಲು ಬಂದೈತೆ" ಎಂದು ನಕ್ಕಿದ್ದಳು ಕೂಡ.

"ಇದೇ ಕೊಂದಿದ್ದು ಅಂತ ನಾನು ಬರೆದುಕೊಡೋಕಾಗಲ್ಲ," ಎಂದಳು ಚೈತ್ರ. "ಗಾಳೀಲೂ ಇರುತ್ತೆ, ರಸ್ತೆ ಧೂಳಲ್ಲೂ ಇರುತ್ತೆ. ಆದ್ರೆ ಇದನ್ನ ನುಂಗಿದ ಹುಳಕ್ಕೆ ರೋಗ ತಡ್ಕೊಳೋ ಶಕ್ತಿ ಕುಗ್ಗಬಹುದು. ಇನ್ನೂ ನೋಡ್ತಾ ಇದೀವಿ."

ಗಾಳಿ, ಧೂಳು. ಅವುಗಳ ಹಿಂದೆ ಅಡಗಿಕೊಳ್ಳಬಹುದಿತ್ತು. ಆದರೆ ಊರೆಲ್ಲ ಬಿಸಾಡಿದ್ದನ್ನು ಆರಿಸಿ ತಂದು, ತೊಳೆದು, ಕೈಯಾರೆ ಮುರಿದು ಉಣಿಸಿದವಳು ತಾನು.

ಸಂಜೆ ಸೊಣ್ಣಪ್ಪ ಸೈಕಲ್ ತಳ್ಳಿಕೊಂಡು ವಾಪಸು ಬರುತ್ತಿದ್ದ. ಬುಟ್ಟಿ ತುಂಬಾ ದಂಟು, ಬೆಳಿಗ್ಗೆ ತುಂಬಿದಂತೆಯೇ ಇತ್ತು, ಬಾಡಿತ್ತು.

"ಬೇವಿನ ಕಷಾಯ ಕಣವ್ವ ನಾ ಒಡೆಯೋದು," ಎಂದ, ಸೈಕಲ್ ನಿಲ್ಲಿಸದೆ. "ನನ್ನ ಮಾತು ಬ್ಯಾಡ. ನಿನ್ನ ಉಳ ಉಳ್ಕೊಂಡಿದ್ರೆ ಅವನ್ನೇ ಕೇಳು."

ಅವಳು ತಿರುವಿನವರೆಗೂ ಆ ಬುಟ್ಟಿಯನ್ನೇ ನೋಡಿದಳು. ಸಭೆಯಲ್ಲಿ ಎಷ್ಟು ಚೆನ್ನಾಗಿ ಆಡಿತ್ತು ತನ್ನ ನಾಲಿಗೆ.

ಭಾನುವಾರ ಸಂಘ ಸೇರಿತು. ಅಧ್ಯಕ್ಷೆ ಕೃಷ್ಣಮ್ಮ ಅರ್ಜಿ ಬರೆಸಿಟ್ಟಿದ್ದಳು: ವಿಷ ಹೊಡೆಯುವ ಸೊಣ್ಣಪ್ಪ ಅಲ್ಲಿ ಬೇಸಾಯ ನಿಲ್ಲಿಸಬೇಕು. ಆ ಅರ್ಧ ಎಕರೆಯ ಸುತ್ತ ಕೃಷ್ಣಮ್ಮನ ಗಂಡ ಲೇಔಟ್ ಕಲ್ಲು ನೆಟ್ಟಾಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಕಲಾವತಿಗೂ. ಮೊದಲ ಸಹಿಯ ಜಾಗ ಅವಳದು.

ಕಲಾವತಿ ಸೆರಗಿನಡಿಯಿಂದ, ನೀರು ಚೆಲ್ಲಿ ದೋಣಿಗಳಷ್ಟೇ ಉಳಿದಿದ್ದ ಬೋಗುಣಿ ತೆಗೆದು ಜಮಖಾನದ ಮೇಲಿಟ್ಟಳು. ಚೈತ್ರ ಹೇಳಿದ್ದನ್ನೆಲ್ಲ ಹೇಳಿದಳು. ತಲೆ ಎತ್ತದೆ ಹೇಳಿದಳು.

"ಅಯ್ಯೋ, ನಮ್ಮನೇಲೂ ನಿನ್ನ ದೋಣೀನೇ ಐತಲ್ಲೇ," ಎಂದಳು ಮುದುಕಿ ಅಕ್ಕಯ್ಯಮ್ಮ. ಯಾರೂ ನಗಲಿಲ್ಲ.

ಕೃಷ್ಣಮ್ಮ ಮಾತ್ರ ಸಮಾಧಾನವಾಗಿಯೇ ಕೇಳಿದಳು. "ಆ ಉಡುಗಿ ಬರೆದುಕೊಟ್ಟವ್ಳಾ? ಇಲ್ವಲ್ಲ. ಮತ್ಯಾಕೆ ಇಲ್ಲದ್ದನ್ನ ಮೈಮೇಲೆ ಎಳ್ಕೊಂತೀಯ? ನಿನ್ನ ಮರ್ಯಾದೇನೂ ಉಳೀತದೆ. ಸೊಣ್ಣಪ್ಪ ಕೊಂದ ಅಂತ ನಿನ್ನ ಬಾಯಿಂದ್ಲೇ ತಾನೆ ಬಂದಿದ್ದು. ಸುಮ್ನೆ ಸೈನ್ ಆಕು."

ಪೆನ್ನು ಕೈಗೆ ಬಂತು. ಕಲಾವತಿ ಅದರ ಮುಚ್ಚಳ ಹಾಕಿ, ಅರ್ಜಿಯ ಮೇಲೇ ಇಟ್ಟಳು.

"ನನ್ನ ಬಾಯಿಂದ್ಲೇ ಬಂದಿದ್ದು ಕಣಕ್ಕ," ಎಂದಳು. "ಅದಕ್ಕೇ ಹಾಕಲ್ಲ."