ಸೋಮವಾರ ಮೊದಲನೇ ಪಿರಿಯಡ್

ನಮ್ಮ ಶಾಲೆಯಲ್ಲಿ ಲೈಬ್ರರಿ ಅಂದರೆ ಮೇಷ್ಟ್ರುಗಳಿಗೆ ಸ್ವಲ್ಪ ಬಿಡುವು ಸಿಗಲಿ ಎಂದು ಮಕ್ಕಳನ್ನು ಕೂಡಿಹಾಕುವ ಜಾಗ. ಚಿನ್ನದ ಗಣಿಯಿದ್ದ ಊರಿಗಾಂನ ಈ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಲೈಬ್ರರಿಯನ್ ಆಗಿದ್ದೇನೆ, ನನಗೆ ಗೊತ್ತಿಲ್ಲವೇ? ಒಂದು ತರಗತಿಗೆ ವಾರಕ್ಕೊಂದು ಪಿರಿಯಡ್, ನಲವತ್ತು ನಿಮಿಷ. ನಡುವೆ ಯಾವ ಮಗುವಿಗಾದರೂ ಪುಸ್ತಕ ಬೇಕೆನಿಸಿತೋ, ಮುಂದಿನ ವಾರದವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಈ ವೇಳಾಪಟ್ಟಿ ನಮ್ಮ ಹೆಡ್‌ಮಾಸ್ಟರ್ ಪೆರುಮಾಳ್ ಅವರದು. ಜೂನ್‌ನಲ್ಲಿ ಬರೆದು ಫ್ರೇಮು ಹಾಕಿಸಿದರೆಂದರೆ ಏಪ್ರಿಲ್‌ವರೆಗೆ ಅದರ ಒಂದು ಗೆರೆಯೂ ಅಲ್ಲಾಡುವಂತಿಲ್ಲ.

ಹೀಗಿರುವಾಗ ವಿಜ್ಞಾನದ ಸುಧಾಕರ್ ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತರು.

"ಮೇಡಂ, ಎಂಟನೇ ಬಿ ಸೆಕ್ಷನ್‌ಗೆ ಮಣ್ಣಿನ ಪಾಠ ಇದೆ. ಬುಧವಾರ ನನ್ನ ನಾಕನೇ ಪಿರಿಯಡ್‌ಗೆ ಮಕ್ಕಳನ್ನ ಇಲ್ಲಿಗೇ ಕರ್ಕೊಂಡು ಬರ್ಲಾ? ನೀವು ಪುಸ್ತಕ ತೆಗೆದಿಡಿ. ಇಬ್ರೂ ಸೇರಿ ಮಾಡೋಣ."

ಹನ್ನೆರಡು ವರ್ಷದಲ್ಲಿ 'ಇಬ್ಬರೂ ಸೇರಿ' ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಎರಡು ಸಂಜೆ ಕೂತು ಪ್ರಶ್ನೆಗಳನ್ನು ಬರೆದೆವು, ಧೂಳು ಹಿಡಿದಿದ್ದ ಪುಸ್ತಕಗಳನ್ನು ಒರೆಸಿ ಜೋಡಿಸಿದೆವು. ಬುಧವಾರ ಆ ಪಿರಿಯಡ್‌ಗೆ ಲೈಬ್ರರಿ ಹೇಗೂ ಖಾಲಿ. ಹೆಡ್‌ಮಾಸ್ಟರನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು.

ಬುಧವಾರ ಮಕ್ಕಳು ಬಂದರು. ನೋಡಿದರೆ ಅವರಲ್ಲಿ ಹನ್ನೊಂದು ಮಕ್ಕಳ ಗುರುತೇ ನನಗಿಲ್ಲ! ಒಳಗೆ ಬಂದವರು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಬಾಗಿಲಲ್ಲೇ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಇವರೆಲ್ಲ ಯಾರೆಂದು ಸುಧಾಕರ್ ಅವರನ್ನು ಕೇಳಿದೆ.

"ರೈಲಿನವರು ಮೇಡಂ. ಬಂಗಾರಪೇಟೆ ಕಡೆ ಹಳ್ಳಿಗಳಿಂದ ಬರ್ತಾರಲ್ಲ, ಅವರು."

ಅವರಲ್ಲೊಬ್ಬಳು ಕಲಾ. ಪಾಠ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಎದ್ದು ನಿಂತಳು.

"ಸಾ, ರೈಲಲ್ಲಿ ಬರೋವಾಗ ಗಣಿ ಪಕ್ಕ ಸೈನೈಡ್ ದಿಬ್ಬ ಕಾಣುತ್ತಲ್ಲ, ಅದ್ರ ಮೇಲೆ ಉಲ್ಲು ಯಾಕೆ ಉಟ್ಟಲ್ಲ? ಮಳೆ ಅದ್ರ ಮೇಲೂ ಬೀಳುತ್ತಲ್ಲ?"

ಸುಧಾಕರ್ ನನ್ನ ಕಡೆ ನೋಡಿದರು. ನಾನು ಮಣ್ಣಿನ ಬಗೆಗಿನ ದಪ್ಪ ಪುಸ್ತಕವನ್ನು ಅವಳ ಮುಂದಿಟ್ಟೆ. ಅವಳು ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದತೊಡಗಿದಳು. ನಾಲ್ಕೈದು ತಲೆಗಳು ಅವಳ ಮೇಲೆ ಬಗ್ಗಿದವು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಕೂಗು ಬಂತು.

"ಅದು ಮಣ್ಣೇ ಅಲ್ಲ ಮೇಡಂ! ಗಣಿಯೋರು ಪುಡಿ ಮಾಡಿ ಸುರಿದಿರೋ ಕಲ್ಲು!"

ಪುಸ್ತಕವನ್ನು ಮನೆಗೆ ಕೊಡುತ್ತೀರಾ ಎಂದು ಕಲಾ ಕೇಳಿದಳು. ನಾನು ಖುಷಿಯಿಂದಲೇ ರಿಜಿಸ್ಟರ್ ತೆಗೆದು ಅವಳ ಹೆಸರು ಹುಡುಕಿದೆ. ಕಳೆದ ವರ್ಷ ಒಂದೂ ಪುಸ್ತಕವಿಲ್ಲ, ಈ ವರ್ಷವೂ ಇಲ್ಲ. ಕೊನೆಯ ಕಾಲಂನಲ್ಲಿ ನನ್ನದೇ ಅಕ್ಷರದಲ್ಲಿ 'ಆಸಕ್ತಿ ಇಲ್ಲ' ಎಂದಿತ್ತು. ಪಕ್ಕದಲ್ಲೇ ನಿಂತಿದ್ದ ಕಲಾ ಅದನ್ನು ಓದಿಯೇಬಿಟ್ಟಳು.

"ನಂಗೆ ಆಸಕ್ತಿ ಇಲ್ಲಾಂತ ಯಾರು ಮೇಡಂ ಏಳಿದ್ದು?"

"ಸೋಮವಾರ ಮೊದಲನೇ ಪಿರಿಯಡ್ ನಿಮ್ಮ ಲೈಬ್ರರಿ. ನೀನು ಒಂದು ದಿನವೂ ಬಂದಿಲ್ಲವಲ್ಲೇ."

"ನಾವು ರೈಲಿಳಿಯೋದೇ ಒಂಬತ್ತೂ ಮುಕ್ಕಾಲ್ಗೆ. ಓಡಿ ಬಂದ್ರೂ ಎರಡ್ನೇ ಪಿರಿಯಡ್ಡೇ ಸಿಗೋದು."

ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಪ್ರತಿ ಸೋಮವಾರ ಪುಸ್ತಕ ಕೊಟ್ಟು ಮುಗಿಸಿ ರಿಜಿಸ್ಟರ್ ಬರೆಯಲು ಕೂರುವ ಹೊತ್ತಿಗೆ ಸರಿಯಾಗಿ ಸ್ಟೇಷನ್ನಿನಲ್ಲಿ ರೈಲು ಕೂಗುತ್ತದೆ. ಅದನ್ನು ಕೇಳಿಸಿಕೊಂಡೇ ಈ ಮಕ್ಕಳ ಹೆಸರಿನ ಮುಂದೆ ಗೀಟು ಎಳೆದಿದ್ದೆ. ಪ್ರತಿ ಟರ್ಮಿನ ಕೊನೆಗೆ 'ಆಸಕ್ತಿ ಇಲ್ಲ' ಎಂದು ಬರೆದು ಸಹಿ ಹಾಕಿದ್ದೆ. ಬರುವುದಿಲ್ಲವೇಕೆ ಎಂದು ಒಬ್ಬರನ್ನಾದರೂ ಕೇಳಿದ್ದೆನೇ? ಇಲ್ಲ.

ಅಷ್ಟರಲ್ಲಿ ಪೆರುಮಾಳ್ ಬಂದರು.

"ಏನ್ರೀ ಇದು? ಎಂಟನೇ ಬಿ ರೂಮು ಖಾಲಿ. ಪಟ್ಟೀಲಿ ವಿಜ್ಞಾನ ಅಂತಿದೆ, ಮಕ್ಕಳು ಇಲ್ಲಿದಾರೆ. ಯಾರನ್ನ ಕೇಳಿ ಬದಲಾಯಿಸಿದ್ರಿ?"

"ಸಾರ್, ಇವರಲ್ಲಿ ಹನ್ನೊಂದು ಮಕ್ಕಳು ಎರಡು ವರ್ಷದಿಂದ ಲೈಬ್ರರಿ ಮುಖವನ್ನೇ ನೋಡಿಲ್ಲ. ರೈಲು ಬರೋದೇ ಮೊದಲನೇ ಪಿರಿಯಡ್ ಮುಗಿಯೋ ಹೊತ್ತಿಗೆ."

"ಗೊತ್ತಮ್ಮ. ಅವರಿಗೋಸ್ಕರ ತಾನೇ ಮೊದಲನೇ ಪಿರಿಯಡ್‌ಗೆ ಡ್ರಾಯಿಂಗು, ಆಟ, ಲೈಬ್ರರಿ ಇಟ್ಟಿರೋದು? ಪಾಠ ಯಾವುದೂ ತಪ್ಪಬಾರದು ಅಂತ!"

ದೊಡ್ಡ ಉಪಕಾರ ಮಾಡಿದವರ ಹಾಗೆ ಹೇಳಿದರು. ನನ್ನ ಮೈ ಉರಿದದ್ದು ಅದಕ್ಕೇ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಜಗಳಕ್ಕಾದರೂ ಒಂದು ಹಿಡಿ ಸಿಗುತ್ತಿತ್ತು.

"ಹಾಗಾದರೆ ಲೈಬ್ರರಿ ಪಾಠ ಅಲ್ವಾ ಸಾರ್? ಇಷ್ಟು ಹೊತ್ತು ಇಲ್ಲಿ ನಡೆದದ್ದು ಏನು?"

"ಕೂಗಾಡಬೇಡಿ. ಅವರಿಗೆ ಆಸಕ್ತಿ ಇಲ್ಲಾಂತ ನೀವೇ ಬರ್ಕೊಟ್ಟಿದೀರ, ಸಹಿನೂ ನಿಮ್ಮದೇ. ಇವತ್ತು ಮಾಡಿದ್ದಕ್ಕೆ ವಿವರಣೆ ಬರೆದುಕೊಡಿ. ಮ್ಯಾನೇಜ್‌ಮೆಂಟ್‌ಗೆ ಕಳಿಸ್ತೀನಿ."

ಬಿಳಿ ಹಾಳೆ ತೆಗೆದು ಅಲ್ಲೇ, ಮಕ್ಕಳೆದುರಿಗೇ ಬರೆದೆ. 'ಹನ್ನೊಂದು ಮಕ್ಕಳ ಬಗ್ಗೆ ಎರಡು ವರ್ಷ ಸುಳ್ಳು ಬರೆದಿದ್ದೇನೆ. ಅವರಿಗೆ ಆಸಕ್ತಿ ಇಲ್ಲದೆ ಅಲ್ಲ, ಅವರು ಬರುವ ಹೊತ್ತಿಗೆ ನಾವು ಲೈಬ್ರರಿ ತೆರೆದಿಟ್ಟಿರಲಿಲ್ಲ. ಸುಳ್ಳು ನನ್ನದು, ವೇಳಾಪಟ್ಟಿ ತಮ್ಮದು. ಇನ್ನು ಮುಂದೆ ಯಾವ ಶಿಕ್ಷಕರು ಯಾವ ಪಿರಿಯಡ್‌ನಲ್ಲಿ ಮಕ್ಕಳನ್ನು ಕರೆತಂದರೂ ತೆರೆಯುತ್ತೇನೆ. ಶ್ಯಾಮಲಾ, ಲೈಬ್ರರಿಯನ್.'

ಸುಧಾಕರ್ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಪೆರುಮಾಳ್ ಓದಿದರು, ಕಿವಿ ಕೆಂಪಾಯಿತು.

"ಇದು ಮೇಲೆ ಹೋದ್ರೆ ನಿಮ್ಮ ಕೆಲಸಕ್ಕೇ ಸಂಚಕಾರ ಬರುತ್ತೆ, ತಿಳೀತಾ?"

"ಕಳಿಸಿ ಸಾರ್," ಅಂದೆ. ಅವರು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಕೆಂಪು ಪೆನ್ನಿನಿಂದ ಹನ್ನೊಂದು ಹೆಸರುಗಳ ಮುಂದಿದ್ದ 'ಆಸಕ್ತಿ ಇಲ್ಲ' ಹೊಡೆದುಹಾಕಿದೆ. ಕಲಾ ಪುಸ್ತಕ ಎದೆಗೊತ್ತಿಕೊಂಡು ಕಾಯುತ್ತಿದ್ದಳು.

"ಮೇಡಂ, ಇದನ್ನ ವಾಪಸ್ ಯಾವತ್ತು ಕೊಡ್ಬೇಕು?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಸೋಮವಾರ ಆದ್ರೆ ಬೇಡ ಬಿಡಿ. ಕೊಡಕ್ಕಾಗಲ್ಲ, ಆಮೇಲೆ ನೀವು ಇನ್ನೇನಾದ್ರೂ ಬರೀತೀರ."

ಪುಸ್ತಕವನ್ನು ಅವಳ ಕಡೆಗೇ ತಳ್ಳಿದೆ. ವಾಪಸಿನ ಕಾಲಂನಲ್ಲಿ, ಅವಳಿಗೆ ಕಾಣುವಷ್ಟು ದೊಡ್ಡದಾಗಿ, 'ಓದಿ ಮುಗಿದಾಗ' ಎಂದು ಬರೆದೆ.