ಬಂಡಿ ಜಾಡಿನ ಹುಲ್ಲು

ನೆಬ್ರಾಸ್ಕಾದ ನಮ್ಮ ಹುಲ್ಲುಗಾವಲಿನ ಸೀಮೆಯಲ್ಲಿ ಚರಿತ್ರೆ ಶುರುವಾಗುವುದು ನಮ್ಮ ಮುತ್ತಜ್ಜ ಬಂಡಿಯಿಂದ ಇಳಿದ ದಿನ. ಅದಕ್ಕೂ ಮುಂಚೆ ಇಲ್ಲಿ ಇದ್ದವರನ್ನು ನಾವು ಪ್ರಕೃತಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ.

ಈ ಚರಿತ್ರೆಯನ್ನು ಕಾಯುವವಳು ನನ್ನ ಅಕ್ಕ ಆರ್ಡಿಸ್. ಊರ ಹೊರಗೆ ಅವಳ ಪುಟ್ಟ ಮ್ಯೂಸಿಯಂ, ಅದರ ಹಿಂದೆ ಎಂದೂ ನೇಗಿಲು ಕಾಣದ ಬಯಲು, ಎದೆಮಟ್ಟದ ಆ ಹುಲ್ಲಿನೊಳಗೆ ವಲಸೆ ಬಂದವರ ಎತ್ತಿನ ಬಂಡಿಗಳ ಜಾಡು. ಹೆದ್ದಾರಿಯಲ್ಲಿ ಪ್ರವಾಸಿ ತಾಣ ತೋರಿಸುವ ಸರ್ಕಾರದ ಕಂದು ಫಲಕವೊಂದು ಎದ್ದರೆ ಪ್ರವಾಸಿಗಳು ಇತ್ತ ತಿರುಗುತ್ತಾರೆ. ಇಲ್ಲದಿದ್ದರೆ ಈ ಚಳಿಗಾಲಕ್ಕೆ ಮ್ಯೂಸಿಯಂಗೆ ಬೀಗ. ಪಕ್ಕದೂರಿನವರು ಸಿಮೆಂಟಿನಲ್ಲಿ ‘ಪುರಾತನ ಮಣ್ಣಿನ ಮನೆ’ ಕಟ್ಟಿ ಆಗಲೇ ಫಲಕ ಹೊಡೆದುಕೊಂಡಿದ್ದರು. ಅಕ್ಕನಿಗೆ ಹೊಟ್ಟೆ ಉರಿದು ಹೋಗಿತ್ತು.

ಪರಿಶೀಲನೆಗೆ ಅಧಿಕಾರಿ ಶ್ರೀಮತಿ ವೊಪಾಟ್ ಬರುವ ದಿನ ಅಕ್ಕ ರೂಬಾರ್ಬ್ ದಂಟಿನ ಸಿಹಿ ಪೈ ಬೇಯಿಸುತ್ತ ಅಡುಗೆಮನೆ ಬಿಟ್ಟು ಕದಲಲಿಲ್ಲ. ನಮ್ಮಲ್ಲಿ ನೆಂಟರು ಬಂದರೂ ಸರಿ, ಯಾರಾದರೂ ಸತ್ತರೂ ಸರಿ, ಮೊದಲು ಹುಲ್ಲು ಕತ್ತರಿಸಬೇಕು. ಹುಲ್ಲು ಬೆಳೆಯಲು ಬಿಟ್ಟವನ ಮನೆತನವನ್ನೇ ಅನುಮಾನಿಸುತ್ತೇವೆ. ಭಾವ ವರ್ಲಿನ್ ಮರ್ಯಾದಸ್ಥ. ಅಷ್ಟೇ ಅವನ ತಪ್ಪು.

ಅಕ್ಕ ಅತಿಥಿಯನ್ನು ಮ್ಯೂಸಿಯಂ ಹಿತ್ತಲಿಗೆ ಕರೆತಂದಾಗ ಇಡೀ ಬಯಲು ಗಾಲ್ಫ್ ಮೈದಾನದಂತೆ ನುಣ್ಣಗಿತ್ತು.

“ಹುಲ್ಲೆಲ್ಲಿ ಹೋಯ್ತೋ?” ಅಕ್ಕ ವರ್ಲಿನ್ ಕಡೆ ತಿರುಗಿದಳು.

“ಕೊಯ್ದೆ ಕಣೇ. ದೊಡ್ಡೋರು ಬರ್ತಾರೆ, ಕಾಡು ಬೆಳೆಸ್ಕೊಂಡಿದಾರೆ ಅನ್ಕೊಳಲ್ವಾ? ಅಂಚು ಕೂಡ ನೀಟಾಗಿ ಕತ್ತರಿಸಿದೀನಿ, ನೋಡು.”

“ನಿನ್ ತಲೆ! ಅವರು ನೋಡೋಕೆ ಬಂದಿರೋದೇ ಆ ಕಾಡನ್ನ ಕಣೋ!”

“ಪರ್ವಾಗಿಲ್ಲ ಬಿಡಿ. ಜಾಡಾದ್ರೂ ಚೆನ್ನಾಗಿ ಕಾಣ್ತಿದೆಯಲ್ಲ,” ಎಂದಳು ವೊಪಾಟ್.

ನಿಜಕ್ಕೂ ಕಾಣುತ್ತಿತ್ತು, ಮೊದಲ ಬಾರಿಗೆ, ಕೊನೆಯವರೆಗೂ. ಅವಳು ಅದರ ಬೆನ್ನು ಹಿಡಿದು ನಡೆದಳು, ನಾವು ಹಿಂದೆ ಹೋದೆವು. ಜಾಡು ಹಳ್ಳದ ಅಂಚಿಗೆ ಹೋಗಿ ನಿಂತಿತು. ಕೆಳಗೆ ತುಕ್ಕು ಹಿಡಿದ ಒಂದು ಫ್ರಿಜ್ ಬಿದ್ದಿತ್ತು.

“ಎತ್ತಿನ ಬಂಡಿಯವರು ಫ್ರಿಜ್ ತಂದಿದ್ರಾ?” ಎಂದು ಕೇಳಿದಳು ವೊಪಾಟ್.

“ಅಯ್ಯೋ, ಅದು ನಮ್ಮಪ್ಪಂದು,” ಎಂದ ವರ್ಲಿನ್. “ಲಾರೀಲಿ ಕಸ ತಂದು ಇಲ್ಲೇ ಸುರೀತಿದ್ದ. ಈ ಜಾಡೂ ಅವಂದೇ.”

ಶಾಲೆಯ ಮಕ್ಕಳಿಗೆ ಇದೇ ಜಾಡು ತೋರಿಸಿ ವರ್ಷವರ್ಷವೂ ಕಣ್ಣೀರು ಹಾಕಿದವಳು ನನ್ನ ಅಕ್ಕ. ಅವಳ ಮುಖ ಬಿಳಿಚಿಕೊಂಡಿತು.

“ಹೂಂ... ಒಂಥರಾ ಬೇರೇನೇ ಇದೆ,” ಎಂದಳು ವೊಪಾಟ್. ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಆಮೇಲೆ ಪೈ ತಿಂದು, ಬಾಗಿಲಲ್ಲಿ ನಿಂತು ಮಳೆಯ ವಿಚಾರ ಮಾತಾಡಿ, ಕಾರಿನ ಬಳಿ ಇನ್ನೊಮ್ಮೆ ವಿದಾಯ ಹೇಳಿ ಹೋದಳು. ಅಕ್ಕ ತಟ್ಟೆ ತೊಳೆಯುತ್ತ ಅತ್ತಳು. ನನಗೂ ಸಂಕಟವಾಯಿತು.

ಬೇಸಿಗೆ ಮುಗಿಯುವ ಮೊದಲೇ ಫಲಕ ಬಂತು. ಅದರ ಮೇಲೆ ಬಂಡಿಯಿಲ್ಲ, ಪಿಕ್ನಿಕ್ ಮೇಜಿನ ಚಿತ್ರವಿದೆ. ಎಂದೂ ಬಾರದಷ್ಟು ಜನ ಈಗ ಬರುತ್ತಾರೆ, ನುಣ್ಣನೆಯ ಹುಲ್ಲಿನ ಮೇಲೆ ಕಂಬಳಿ ಹಾಸಿ ತಿನ್ನುತ್ತಾರೆ, ಶೌಚಕ್ಕೆ ಮಾತ್ರ ಮ್ಯೂಸಿಯಂ ಒಳಗೆ ಕಾಲಿಡುತ್ತಾರೆ. ಬೀಗವಂತೂ ಬೀಳಲಿಲ್ಲ. ಹಾಗೆ ಬಂದವರನ್ನೇ ಅಕ್ಕ ಅಡ್ಡಗಟ್ಟಿ ಕಿಟಕಿಯಾಚೆ ಬೆರಳು ತೋರಿಸುತ್ತಾಳೆ.

“ನಮ್ಮ ಮುತ್ತಜ್ಜನ ಬಂಡಿ ಇಲ್ಲೇ ಹಾದುಹೋಗಿದ್ದು, ನೋಡಿ...”

ಅವಳು ಶುರು ಮಾಡಿದ್ದು ಕಂಡ ಕೂಡಲೇ ವರ್ಲಿನ್ ಹುಲ್ಲಿನ ಯಂತ್ರ ನಿಲ್ಲಿಸುತ್ತಾನೆ. ಟೋಪಿ ತೆಗೆದು ಎದೆಗೆ ಹಿಡಿದು, ಅಪ್ಪನ ಕಸದ ದಾರಿಗೆ ತಲೆ ಬಾಗಿಸಿ ನಿಲ್ಲುತ್ತಾನೆ.