ಮೊದಲ ಉಪವಾಸದ ಗಂಜಿ

ಮಸೀದಿಯ ಅಡುಗೆ ಚಪ್ಪರದಲ್ಲಿ ಸಲ್ಮಿಯಾ ಗಂಜಿಯ ಕೊಪ್ಪರಿಗೆಯ ಮೇಲೆ ಹಲಗೆಯನ್ನು ಎಳೆದು ಮುಚ್ಚಿದಳು. ಹಲಗೆಯ ಮೇಲೆ ಉದ್ದನೆಯ ಮರದ ಸೌಟನ್ನು ಅಡ್ಡ ಇಟ್ಟು ಅದರ ಪಕ್ಕದಲ್ಲೇ ನಿಂತಳು.

"ಏನಾಯ್ತು ಚಿಕ್ಕಮ್ಮ? ಇನ್ನೂ ಬೆಂದಿಲ್ವಾ?" ಸಾಲಿನ ಮುಂದಿದ್ದ ತಿಮಾ ಕೇಳಿದಳು.

"ಬೆಂದಿದೆ."

"ಮತ್ತೆ ಬಡಿಸಿ. ಹೊತ್ತು ಮುಳುಗ್ತಾ ಬಂತು."

"ಗೇಟು ತೆಗೆದ ಮೇಲೆ ಬಡಿಸ್ತೀನಿ."

ಪಾತ್ರೆ ಹಿಡಿದು ನಿಂತಿದ್ದ ಸಾಲು ಪೂರ್ತಿ ಮಸೀದಿಯ ಗೇಟಿನ ಕಡೆ ತಿರುಗಿತು. ಹೊರಗೆ ಪೇಟೆಯ ಕ್ಲಿನಿಕ್ಕಿನ ಬಿಳಿ ವ್ಯಾನು ನಿಂತಿತ್ತು. ಒಳಗಡೆ ಮಸೀದಿ ಸಮಿತಿಯ ಅಧ್ಯಕ್ಷ ಹಾಜಿ ದೆರಾಮನ್ ಚಿಲಕ ಹಾಕಿ, ಅದಕ್ಕೆ ಬೆನ್ನುಕೊಟ್ಟು ಕೈಕಟ್ಟಿ ನಿಂತಿದ್ದರು. ವ್ಯಾನಿನಾಚೆ ಗಾಳಿಮರದ ಬುಡದಲ್ಲಿ ಏಳು ಜನ ಗಂಡಸರು ಕುಳಿತಿದ್ದರು. ಅವರಲ್ಲೊಬ್ಬ ಸಲ್ಮಿಯಾಳ ಕಿರಿಮಗ ಹೆಲ್ಮಿ.

ಆ ಏಳು ಜನ ನೆರಳು ಸಂಘದವರು. ಹದಿನಾಲ್ಕು ವರ್ಷ ತೋಳಿಗೆ ಸೂಜಿ ಚುಚ್ಚಿಕೊಂಡು, ಕೊನೆಗೆ ಬಿಟ್ಟು ಮನುಷ್ಯನಾದ ರೊಸ್ಲಾನ್ ದೋಣಿಕಟ್ಟೆಯ ಬಲೆ ಕೊಟ್ಟಿಗೆಯಲ್ಲಿ ಕಟ್ಟಿದ ಸಂಘ ಅದು. ಶಾಲೆಗೆ ಹೋಗಿ ಮಕ್ಕಳಿಗೆ ತನ್ನ ತೋಳು ತೋರಿಸುವುದು, ಚಟ ಬಿಡಬೇಕೆಂದವರನ್ನು ಕೈಹಿಡಿದು ಕ್ಲಿನಿಕ್ಕಿಗೆ ಕರೆದೊಯ್ಯುವುದು ಅವನ ಕೆಲಸ. ಹೆರಾಯಿನ್ ಬಿಟ್ಟವರಿಗೆ ಅಲ್ಲಿ ದಿನಕ್ಕೊಮ್ಮೆ ಮೆಥಡೋನ್ ಎಂಬ ಔಷಧ ಕೊಡುತ್ತಾರೆ. ನರ್ಸಿನ ಕಣ್ಣೆದುರೇ ಕುಡಿಯಬೇಕು, ಒಂದು ದಿನವೂ ತಪ್ಪಬಾರದು. ಕ್ಲಿನಿಕ್ಕು ತೆರೆದಿರುವುದು ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ. ಹನ್ನೊಂದು ತಿಂಗಳು ಇದರಿಂದ ಯಾರಿಗೂ ತೊಂದರೆಯಿಲ್ಲ. ರಂಜಾನ್ ತಿಂಗಳಲ್ಲಿ ಮಾತ್ರ ಆ ಹೊತ್ತಿನಲ್ಲಿ ತೊಟ್ಟು ನೀರೂ ಗಂಟಲಿಗಿಳಿಯುವ ಹಾಗಿಲ್ಲ.

ಹೋದ ವರ್ಷ ಸಲ್ಮಿಯಾಳ ಹಿರಿಮಗ ಯುಸ್ರಿ ಉಪವಾಸ ಹಿಡಿದು ಔಷಧ ಬಿಟ್ಟಿದ್ದ. "ಇಷ್ಟು ವರ್ಷ ಹಾಳು ಮಾಡ್ಕೊಂಡೆ. ಈ ಒಂದು ತಿಂಗಳಾದ್ರೂ ಎಲ್ಲರ ಹಾಗೆ ಇರ್ತೀನಮ್ಮ" ಎಂದಿದ್ದ. ಸಲ್ಮಿಯಾ ಹಿಗ್ಗಿಹೋಗಿದ್ದಳು. ಬೆಳಗಿನ ಜಾವ ತಾನೇ ಅವನನ್ನು ಎಬ್ಬಿಸಿ, ಬಿಸಿ ಅನ್ನ ಬಡಿಸಿ, ತಿನ್ನುವುದನ್ನೇ ನೋಡುತ್ತ ಕುಳಿತಿರುತ್ತಿದ್ದಳು. ಯುಸ್ರಿ ಹತ್ತು ದಿನ ತಡೆದ. ಹನ್ನೊಂದನೆಯ ದಿನ ಮೈನೋವು ತಾಳಲಾರದೆ ಹಳೆಯ ಗೆಳೆಯನನ್ನು ಹುಡುಕಿಕೊಂಡು ಹೋಗಿ, ಹಳೆಯ ಅಳತೆಯನ್ನೇ ಚುಚ್ಚಿಕೊಂಡ. ಅಭ್ಯಾಸ ತಪ್ಪಿದ ಮೈ ಅದನ್ನು ತಡೆಯಲಿಲ್ಲ. ಶವದ ಮುಂದೆ ಪ್ರಾರ್ಥನೆಗೆ ನಿಂತವರು ಒಂಬತ್ತೇ ಜನ.

ಈ ವರ್ಷ ಹೆಲ್ಮಿ ಅದೇ ಮಾತು ಆಡಿದಾಗ ಅವಳು ಹಿಗ್ಗಲಿಲ್ಲ. ನೇರ ರೊಸ್ಲಾನನ ಕೊಟ್ಟಿಗೆಗೆ ಹೋಗಿ ಕುಳಿತಳು. ಇಬ್ಬರೂ ಎರಡು ತಿಂಗಳು ಕ್ಲಿನಿಕ್ಕಿಗೆ ಎಡತಾಕಿದ ಮೇಲೆ, ಸಂಜೆ ಹೊತ್ತು ಔಷಧ ತಂದುಕೊಡಲು ನರ್ಸ್ ಅಜ್ಲೀನಾ ಒಪ್ಪಿದಳು. ಆದರೆ ನಲ್ಲಿ, ದೀಪ, ತಲೆಯ ಮೇಲೊಂದು ಸೂರು ಇರುವ ಊರ ಜಾಗ ಬೇಕು ಎಂದಳು. ಅಂಥದ್ದು ಊರಿಗೆಲ್ಲ ಒಂದೇ, ಸಲ್ಮಿಯಾ ಇಪ್ಪತ್ತೆರಡು ರಂಜಾನ್ ಗಂಜಿ ಬೇಯಿಸಿದ ಈ ಅಡುಗೆ ಚಪ್ಪರ. ಇಮಾಮರು ಹೂಂ ಎಂದರು. ಸಮಿತಿ ಮಾತ್ರ ಬೇಡವೆಂದಿತು.

ಹಾಜಿ ದೆರಾಮನ್ ಗೇಟು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದರು.

"ಸಲ್ಮಿಯಾ, ಹಲಗೆ ತೆಗಿ. ಮೊದಲನೇ ಉಪವಾಸದ ದಿನ ಊರನ್ನ ಕಾಯಿಸ್ತೀಯಾ?"

"ಮೊದಲು ಚಿಲಕ ತೆಗೀರಿ."

"ಇದು ದೇವರ ಮನೆ. ನನ್ನ ಮೊಮ್ಮಕ್ಕಳು ಇಲ್ಲಿಗೆ ಓದೋಕೆ ಬರ್ತಾರೆ. ಅವರ ಮುಂದೆ ಇವರನ್ನ ಸಾಲಾಗಿ ಕೂರಿಸೋದಾ? ಎರಡು ವರ್ಷದ ಹಿಂದೆ ಮಸೀದಿ ಫ್ಯಾನು ಯಾರು ಬಿಚ್ಕೊಂಡು ಹೋದ್ರು ಅಂತ ನಿನಗೆ ಗೊತ್ತಿಲ್ವಾ?"

"ಹೆಸರು ಯಾಕೆ ನುಂಗ್ತೀರಿ ಹಾಜಿ? ನನ್ನ ಯುಸ್ರಿ. ಈಗ ಗಾಳಿ ಬೇಕಿಲ್ಲದ ಜಾಗದಲ್ಲಿದ್ದಾನೆ."

ಹಾಜಿ ನೆಲ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ನಾನು ಕಟುಕ ಅಲ್ಲ. ಕಾಯಿಲೆಯವರು ಉಪವಾಸ ಬಿಡಬಹುದು ಅಂತ ಧರ್ಮವೇ ಹೇಳುತ್ತೆ. ಹಗಲೇ ಹೋಗಿ ಔಷಧ ಕುಡೀಲಿ. ಯಾರು ಬೇಡ ಅಂದ್ರು?"

"ಹೇಳುತ್ತೆ, ನಾನೂ ಓದಿದ್ದೀನಿ. ಇಷ್ಟು ವರ್ಷ ಇವರೆಲ್ಲ ಉಪವಾಸ ಬಿಟ್ಟೇ ಕೂತಿದ್ರಲ್ಲ, ಆಗ ನಿಮ್ಮಲ್ಲಿ ಒಬ್ರಾದ್ರೂ ಬಂದು ಹಿಡೀರಪ್ಪಾ ಅಂದ್ರಾ? ಈಗ ಅವರೇ ಹಿಡೀತೀವಿ ಅಂತ ಬಂದ್ರೆ ಬಿಡಿ ಅಂತೀರಿ. ಬೆಳಿಗ್ಗೆಯಿಂದ ಎಂಜಲೂ ನುಂಗದೆ ಕೂತಿದ್ದಾರೆ ನೋಡಿ. ಆ ಬಾಯಿಗಳನ್ನ ನೋಡಿ ಹೇಳಿ."

ಯಾರೂ ಆ ಕಡೆ ನೋಡಲಿಲ್ಲ.

"ಊರವರು ಕೊಟ್ಟ ಅಕ್ಕಿ, ಊರವರು ಕೊಟ್ಟ ಸಿಗಡಿ!" ಹಾಜಿಯವರ ದನಿ ಮತ್ತೆ ಏರಿತು. "ಈ ಗಂಜಿ ದೇವರದು, ನಿನ್ನದಲ್ಲ!"

"ಗಂಜಿ ದೇವರದೇ. ಸೌಟು ನನ್ನದು." ಅವಳು ಅದನ್ನೆತ್ತಿ ಅವರ ಮುಂದೆ ಚಾಚಿದಳು. "ತಗೊಳ್ಳಿ. ನೀವೇ ಬಡಿಸಿ. ನಾನು ಹೋಗಿ ಆ ಮರದ ಕೆಳಗೆ ಕೂತ್ಕೋತೀನಿ."

ಹಸಿದವರ ಎದುರು ಅನ್ನ ಮುಚ್ಚಿಡುವುದು ಸಣ್ಣ ಪಾಪವಲ್ಲ ಎಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಹಣೆ ನೆಲಕ್ಕೂರಿ, ಪಾಪವಾದರೆ ನನ್ನ ತಲೆಗೇ ಬರಲಿ, ಹುಡುಗನ ತಲೆಗೆ ಬೇಡ ಎಂದು ಕೇಳಿಕೊಂಡಿದ್ದಳು.

ಹಾಜಿ ಸೌಟನ್ನು ನೋಡಿದರೇ ಹೊರತು ಕೈ ಚಾಚಲಿಲ್ಲ.

"ಹಾಜಿ," ಸಾಲಿನ ಹಿಂದಿನಿಂದ ಮಾಮತ್ ಅಜ್ಜ ಕೂಗಿದ, "ಖಾಲಿ ಪಾತ್ರೆ ತಗೊಂಡು ಹೋದ್ರೆ ನನ್ನ ಮುದುಕಿ ನನ್ನನ್ನೇ ಬೇಯಿಸ್ತಾಳೆ!"

"ನಿಮ್ಮಲ್ಲಿ ಬೇಯಿಸೋಕೆ ಏನಿದೆ ಅಜ್ಜ, ಬರೀ ಮೂಳೆ," ಎಂದಳು ತಿಮಾ.

"ಮೂಳೆ ಹಾಕಿದ್ರೇನೇ ಸಾರಿಗೆ ರುಚಿ ಕಣೇ."

ಸಾಲಿನಲ್ಲಿ ನಗೆ ಎದ್ದಿತು. ಅಜ್ಜ ಪಾತ್ರೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಲುಂಗಿ ಎತ್ತಿ ಕಟ್ಟಿ, ಸಾಲು ಬಿಟ್ಟು ಗೇಟಿನ ಕಡೆ ನಡೆದ. ಹಾಜಿ ಅಡ್ಡ ಬಂದರು.

"ಸರಿಯೋ ದೆರಾ," ಎಂದ ಅಜ್ಜ. "ಹೊಳೆಬಾಯಲ್ಲಿ ನೀನು ಮುಳುಗಿ ನೀರು ಕುಡೀವಾಗ ಕೂದಲು ಹಿಡಿದು ಎಳೆದವನು ನಾನು. ನೀನು ಯಾರ ಮಗ, ಏನು ಕದ್ದಿದ್ದೀಯ ಅಂತ ಆಗ ನಾನು ಕೇಳ್ಲಿಲ್ಲ."

"ನಾನು ಕದ್ದಿರ್ಲಿಲ್ಲ ಅಜ್ಜ."

"ನನ್ನ ತೋಟದ ಎಳನೀರು?"

ಈ ಸಲ ವ್ಯಾನಿನ ಡ್ರೈವರನೂ ನಕ್ಕುಬಿಟ್ಟ. ಹಾಜಿ ನಗಲಿಲ್ಲ, ಆದರೆ ಅರ್ಧ ಹೆಜ್ಜೆ ಸರಿದರು. ಅಜ್ಜನ ಒಣಗಿದ ಕೈ ಚಿಲಕವನ್ನು ಎರಡು ಸಲ ಎಳೆಯಿತು. ಮೂರನೆಯ ಸಲಕ್ಕೆ ಅದು ಬಂತು.

ವ್ಯಾನು ಒಳಗೆ ಬಂತು. ಅದರ ಹಿಂದೆ, ಇಷ್ಟು ಹೊತ್ತು ಅದರ ಪಕ್ಕ ನಿಂತಿದ್ದ ರೊಸ್ಲಾನ್, ಅವನ ಹಿಂದೆ ತಲೆ ತಗ್ಗಿಸಿಕೊಂಡು ಏಳು ಜನ.

"ಇವತ್ತೊಂದು ದಿನ," ಹಾಜಿ ಬೆರಳೆತ್ತಿದರು. "ನಾಳೆ ಧರ್ಮ ಇಲಾಖೆಗೆ ಬರೀತೀನಿ. ಒಂದೇ ದಿನ!"

"ಇಪ್ಪತ್ತೊಂಬತ್ತು ದಿನವೋ ಮೂವತ್ತೋ, ಅದನ್ನ ಚಂದ್ರನ್ನ ಕೇಳಿ," ಎಂದು ಸಲ್ಮಿಯಾ ಹಲಗೆ ಸರಿಸಿದಳು.

ಸಾಲು ಬೇಗ ಕರಗಿತು. ಬಡಿಸಿ ಬಡಿಸಿ ಅವಳ ಭುಜ ಸೋತುಹೋಯಿತು. ಹಾಜಿಯವರ ಸೊಸೆ ಮೂರು ಬಟ್ಟಲಿನ ಟಿಫಿನ್ ಕ್ಯಾರಿಯರ್ ಒಡ್ಡಿದಾಗ ಮೂರನ್ನೂ ತುಂಬಿಸಿದಳು. ಅಜ್ಜ ತನ್ನ ಪಾತ್ರೆ ತುಂಬಿಸಿಕೊಂಡು, ಬಿಸಿ ಬಿಸಿ ಎಂದು ಗೊಣಗುತ್ತ ಎಲ್ಲರಿಗಿಂತ ಕೊನೆಗೆ ಹೋದ.

ಮಸೀದಿಯಿಂದ ಉಪವಾಸ ಮುಗಿಯಿತೆಂಬ ಬಾಂಗ್ ಕೇಳಿಸಿದಾಗ ಚಪ್ಪರದಲ್ಲಿ ಉಳಿದವರು ಅವಳು, ರೊಸ್ಲಾನ್, ನರ್ಸು ಮತ್ತು ಆ ಏಳು ಜನ. ಅವರು ಖರ್ಜೂರ ಬಾಯಿಗಿಟ್ಟುಕೊಂಡು ನೀರು ಕುಡಿದರು. ಹೆಲ್ಮಿಗೆ ಎಲ್ಲರಿಗಿಂತ ಹೆಚ್ಚು ಹಸಿವಿತ್ತು. ಮೊದಲು ನಾಲ್ಕು ಚಮಚ ಗಂಜಿ ಬಾಚಿಕೊಂಡು ತಿಂದ. ಅಜ್ಲೀನಾ ಪೆಟ್ಟಿಗೆಯ ಬೀಗ ತೆಗೆದು, ಪುಟ್ಟ ಲೋಟಗಳಲ್ಲಿ ಔಷಧ ಅಳೆದಿಟ್ಟಳು.

ಕುಡಿದ ಮೇಲೆ ಪ್ರತಿಯೊಬ್ಬನೂ ನರ್ಸಿನ ಎದುರು ನಿಂತು ಏನಾದರೊಂದು ಮಾತಾಡಬೇಕು. ಬಾಯಲ್ಲೇ ಇಟ್ಟುಕೊಂಡು ಹೊರಗೆ ಹೋಗಿ ಉಗುಳುವವರಿದ್ದಾರೆ. ಮಾತು ಬಂದರೆ ನುಂಗಿದ್ದಾನೆ ಎಂದು ಗೊತ್ತಾಗುತ್ತದೆ. ಮೊದಲನೆಯವನು ತನ್ನ ಹೆಸರು ಹೇಳಿದ. ಎರಡನೆಯವನು ದೇವರಿಗೆ ಕೃತಜ್ಞತೆ ಹೇಳಿದ. ಮೂರನೆಯವನು, "ಸಿಸ್ಟರ್, ನಿಮಗೂ ಒಂದು ಬಟ್ಟಲು ಗಂಜಿ?" ಎಂದ.

ಹೆಲ್ಮಿ ಲೋಟ ಎತ್ತಿ ಕುಡಿದ. ಗಂಟಲ ಗಂಟು ಏರಿ ಇಳಿಯುವುದನ್ನು ಸಲ್ಮಿಯಾ ನೋಡಿದಳು.

"ಮಾತಾಡಿ," ಎಂದಳು ನರ್ಸು.

ಅವನು ಬಾಯಿ ತೆರೆದ. ನರ್ಸಿನ ಕಡೆಗಲ್ಲ, ತಾಯಿಯ ಕಡೆಗೆ ತಿರುಗಿದ.

"ಅಮ್ಮ, ಗಂಜಿಗೆ ಉಪ್ಪೇ ಹಾಕಿಲ್ಲ."

ಸಲ್ಮಿಯಾ ಒಲೆಯ ಹಿಂದೆ ಬಗ್ಗಿ ನೋಡಿದಳು. ಉಪ್ಪಿನ ಪೊಟ್ಟಣ ಕಟ್ಟಿದ ದಾರ ಕಟ್ಟಿದ ಹಾಗೇ ಇತ್ತು. ಕಡಲಂಚಿನ ಅರವತ್ತು ಮನೆಗಳಲ್ಲೂ ಆ ಹೊತ್ತಿಗೆ ದೀಪ ಹತ್ತಿತ್ತು. ಒಂದೊಂದು ಮನೆಯಲ್ಲೂ ಯಾರೋ ಒಬ್ಬರು ಮೊದಲ ತುತ್ತು ನುಂಗಿ, ಎದ್ದು, ಉಪ್ಪಿನ ಭರಣಿ ತರಲು ಒಳಗೆ ಹೋಗುತ್ತಿದ್ದರು.